ಚಹಾ ಅಗ್ಗವಾಗಿತ್ತು, ಆದರೂ ಸಮುದ್ರಕ್ಕೆ ಯಾಕೆ ಸುರಿದರು?

ಹಾರಂಗಿ ದಂಡೆ:
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ತರಗತಿ. ನಿನ್ನೆ ರಾತ್ರಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ಓದುತ್ತಿದ್ದಳು. "ಇಂಗ್ಲೆಂಡಿನವರು ತೆರಿಗೆ ಹಾಕಿದರು, ಬಾಸ್ಟನ್ನಿನವರು ಸಿಟ್ಟಾಗಿ ಚಹಾ ಪೆಟ್ಟಿಗೆಗಳನ್ನು ನೀರಿಗೆ ಎಸೆದರು" ಅಂತ ಒಪ್ಪಿಸಿದಳು. ಪಾಠದ ಆಚೆ ಇನ್ನೇನಿದೆ ನೋಡೋಣ ಅಂತ ನಾನೂ ಓದಲು ಕೂತೆ. ನೋಡಿದರೆ 1773ರ ಚಹಾ ಕಾಯ್ದೆಯಿಂದ ಚಹಾ ಅಗ್ಗವಾಗುತ್ತಿತ್ತಂತೆ. ಕಳ್ಳಸಾಗಣೆ ಚಹಾಕ್ಕಿಂತಲೂ ಕಮ್ಮಿ ಬೆಲೆಯಂತೆ. ಮಗಳಿಗೆ ಹೇಳಿದೆ. "ಹಾಗಾದರೆ ಯಾಕೆ ಎಸೆದರು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ಇತಿಹಾಸ ಬಲ್ಲವರು ಇದ್ದೀರಿ, ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ ಪುಸ್ತಕ:
ಸರ್, ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಅದಕ್ಕೆ ಉತ್ತರ ಚಹಾದಲ್ಲಿ ಸಿಗುವುದಿಲ್ಲ, ಹತ್ತು ವರ್ಷ ಹಿಂದೆ ಹೋಗಬೇಕು.

1756ರಿಂದ 1763ರವರೆಗೆ ಬ್ರಿಟನ್ನಿಗೂ ಫ್ರಾನ್ಸಿಗೂ ದೊಡ್ಡ ಯುದ್ಧ. ಬ್ರಿಟನ್ ಗೆದ್ದಿತು, ಕೆನಡಾ ಕೈಗೆ ಬಂತು. ಆದರೆ ಸುಮಾರು ಏಳೂವರೆ ಕೋಟಿ ಪೌಂಡ್ ಇದ್ದ ದೇಶದ ಸಾಲ 13 ಕೋಟಿ ಆಸುಪಾಸಿಗೆ ಏರಿತು. ಅದರ ಮೇಲೆ ಅಮೆರಿಕದಲ್ಲಿ 10,000 ಸೈನಿಕರನ್ನು ಇಟ್ಟುಕೊಳ್ಳುವ ಯೋಚನೆ. ಖರ್ಚಿನಲ್ಲಿ ಒಂದು ಪಾಲನ್ನು ಅಲ್ಲಿನವರೇ ಕೊಡಲಿ ಅಂತ ಲಂಡನ್ ಯೋಚಿಸಿತು.

ಮೊದಲು ಬಂದದ್ದು 1764ರ ಸಕ್ಕರೆ ಕಾಯ್ದೆ. ಇದನ್ನು ಗಮನವಿಟ್ಟು ನೋಡಿ. ಅಲ್ಲಿನವರು ರಮ್ ತಯಾರಿಸಲು ಕೆರಿಬಿಯನ್ ದ್ವೀಪಗಳಿಂದ ಕಾಕಂಬಿ ತರಿಸುತ್ತಿದ್ದರು. ಅದರ ಮೇಲೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಇತ್ತು. ಹೊಸ ಕಾಯ್ದೆ ಅದನ್ನು 3 ಪೆನ್ಸ್‌ಗೆ ಇಳಿಸಿತು. ಅರ್ಧಕ್ಕರ್ಧ ಕಮ್ಮಿ! ಆದರೂ ಜನ ಕೆರಳಿದರು. ಯಾಕೆಂದರೆ ಹಳೇ ಸುಂಕವನ್ನು ಯಾರೂ ಸರಿಯಾಗಿ ಕೊಡುತ್ತಿರಲಿಲ್ಲ, ಅಧಿಕಾರಿಗಳ ಕೈ ಬಿಸಿ ಮಾಡಿದರೆ ಹಡಗು ದಾಟುತ್ತಿತ್ತು. ಹೊಸದನ್ನು ನಿಜವಾಗಿಯೂ ವಸೂಲಿ ಮಾಡಲು ಹೊರಟರು. ಸಿಕ್ಕಿಬಿದ್ದವನ ಕೇಸು ಊರಿನ ಕೋರ್ಟಿನಲ್ಲಿ ನಡೆಯಬೇಕು ಅಂತಲೂ ಇರಲಿಲ್ಲ. ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯಕ್ಕೆ ಹೋಗಬಹುದಿತ್ತು. ನೆರೆಹೊರೆಯವರು ಕೂತು ತೀರ್ಪು ಹೇಳುವ ಪದ್ಧತಿ ಅವರಿಗೆ ಪ್ರಾಣ. ಅದೇ ಹೋಯಿತು.

ಅಂದರೆ ಸುಂಕ ಇಳಿಸಿ ಸಿಟ್ಟು ಏರಿಸಿದ್ದು 1773ರಲ್ಲಿ ಮೊದಲ ಸಲ ಅಲ್ಲ.

ಹಾರಂಗಿ ದಂಡೆ:
ಇದು ನನಗೆ ಹೊಸ ವಿಷಯ. ಸ್ಟಾಂಪ್ ಕಾಯ್ದೆ ಅಂತ ಪಾಠದಲ್ಲಿದೆ. ಅದು ಅಂಚೆ ಚೀಟಿಯಾ?

ಲೆಕ್ಕದ ಪುಸ್ತಕ:
ಅಲ್ಲ ಸರ್. ನಮ್ಮ ಛಾಪಾ ಕಾಗದ ಇದೆಯಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಮಾಡಿಸುವಾಗ ಬೇಕಿತ್ತಲ್ಲ, ಹೆಚ್ಚುಕಮ್ಮಿ ಅದೇ. 1765ರ ಮಾರ್ಚ್‌ನಲ್ಲಿ ಪಾಸಾಯಿತು, ನವೆಂಬರ್ 1ರಿಂದ ಜಾರಿ. ಕೋರ್ಟು ಕಾಗದ, ಆಸ್ತಿ ಪತ್ರ, ಲೈಸೆನ್ಸು, ಪತ್ರಿಕೆ, ಪಂಚಾಂಗ, ಎಲ್ಲಕ್ಕೂ ಛಾಪಾ ಬೇಕು. ಒಂದು ಕಟ್ಟು ಇಸ್ಪೀಟಿಗೆ ಒಂದು ಶಿಲ್ಲಿಂಗ್, ಒಂದು ಜೊತೆ ದಾಳಕ್ಕೆ ಹತ್ತು ಶಿಲ್ಲಿಂಗ್, ಕಾಲೇಜಿನ ಪದವಿ ಪತ್ರಕ್ಕೆ ಎರಡು ಪೌಂಡ್.

ಯಾರ ಮೇಲೆ ಬಿತ್ತು ನೋಡಿ. ವಕೀಲರು, ಮುದ್ರಕರು, ವ್ಯಾಪಾರಿಗಳು, ಹೆಂಡದಂಗಡಿಯವರು. ಊರಿನಲ್ಲಿ ಜಾಸ್ತಿ ಮಾತಾಡುವವರು, ಬರೆಯುವವರು, ಜನ ಸೇರಿಸುವವರು ಇವರೇ. ಆಗಸ್ಟ್ 14ಕ್ಕೆ ಬಾಸ್ಟನ್ನಿನಲ್ಲಿ ಛಾಪಾ ಹಂಚಬೇಕಿದ್ದ ಆಂಡ್ರ್ಯೂ ಆಲಿವರನ ಬೊಂಬೆ ಮಾಡಿ ಒಂದು ಎಲ್ಮ್ ಮರಕ್ಕೆ ನೇತುಹಾಕಿದರು. ಎರಡು ವಾರ ಆಗುವಷ್ಟರಲ್ಲಿ ಉಪರಾಜ್ಯಪಾಲ ಥಾಮಸ್ ಹಚಿನ್ಸನ್ನನ ಮನೆಗೆ ನುಗ್ಗಿ ಗೋಡೆಯ ಹಲಗೆಗಳನ್ನೂ ಕಿತ್ತರು. ಅಕ್ಟೋಬರ್‌ನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. ಮುಂದಿನ ವರ್ಷ ಮಾರ್ಚ್‌ನಲ್ಲಿ ಕಾಯ್ದೆ ರದ್ದಾಯಿತು.

ನೇರನುಡಿ:
ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಬ್ರಿಟನ್ ಹೇಳಿದ್ದರಲ್ಲಿ ತಪ್ಪೇನಿತ್ತು? ಫ್ರೆಂಚರಿಂದ ಕಾಪಾಡಿದ್ದು ಯಾರು? ಇಂಗ್ಲೆಂಡಿನ ಜನ ಆಗಲೇ ಛಾಪಾ ತೆರಿಗೆ ಕಟ್ಟುತ್ತಿದ್ದರು, ಅಲ್ಲಿನವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಹೊರೆ ಹೊತ್ತಿದ್ದರು. "ಪ್ರತಿನಿಧಿ ಇಲ್ಲದೆ ತೆರಿಗೆ ಇಲ್ಲ" ಅನ್ನುವುದು ಕೇಳಲು ಚೆನ್ನಾಗಿದೆ. ಆಗ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಊರುಗಳಿಗೂ ಪಾರ್ಲಿಮೆಂಟಿನಲ್ಲಿ ಸ್ವಂತ ಸದಸ್ಯರಿರಲಿಲ್ಲ. ಅವರು ದಂಗೆ ಏಳಲಿಲ್ಲ ಅಲ್ವಾ?

ಲೆಕ್ಕದ ಪುಸ್ತಕ:
ಬೇಜಾರು ಯಾಕೆ, ಲಂಡನ್ನಿನಲ್ಲಿ ಆಗ ಇದೇ ವಾದ ನಡೆದಿತ್ತು. ಸದಸ್ಯರು ತಮ್ಮ ಊರಿಗೆ ಮಾತ್ರ ಅಲ್ಲ, ಇಡೀ ಸಾಮ್ರಾಜ್ಯಕ್ಕೆ ಪ್ರತಿನಿಧಿಗಳು ಅನ್ನುತ್ತಿದ್ದರು. ಆದರೆ ಮ್ಯಾಂಚೆಸ್ಟರಿನವನ ಮೇಲೆ ತೆರಿಗೆ ಹಾಕಿದ ಸದಸ್ಯ ತಾನೂ ಆ ತೆರಿಗೆ ಕಟ್ಟಬೇಕಿತ್ತು. ಅಮೆರಿಕದವನ ಮೇಲೆ ಹಾಕಿದರೆ ಕಟ್ಟಬೇಕಾಗಿರಲಿಲ್ಲ. ಇನ್ನೊಬ್ಬರಿಗೆ ಎಷ್ಟು ಹೇರಿದರೆ ತನ್ನ ಹೊರೆ ಅಷ್ಟು ಇಳಿಯುತ್ತದೆ.

ಮತ್ತೆ, ವಸಾಹತುಗಳಿಗೆ ತೆರಿಗೆ ಹೊಸದಲ್ಲ. ನೂರಕ್ಕೂ ಹೆಚ್ಚು ವರ್ಷ ತಮ್ಮದೇ ಸಭೆಗಳಲ್ಲಿ ತೆರಿಗೆ ಹಾಕಿಕೊಂಡು ರಸ್ತೆ, ಶಾಲೆ, ಯುದ್ಧ ಎಲ್ಲ ನಡೆಸಿದ್ದರು. ಎಷ್ಟೋ ಕಡೆ ರಾಜ್ಯಪಾಲನ ಸಂಬಳವನ್ನೂ ಆ ಸಭೆಯೇ ಕೊಡುತ್ತಿತ್ತು. ಹಾಗಾಗಿ ರಾಜ್ಯಪಾಲನ ಜುಟ್ಟು ಸಭೆಯ ಕೈಯಲ್ಲಿತ್ತು. ಲಂಡನ್ ನೇರವಾಗಿ ತೆರಿಗೆ ಎತ್ತಿ ಅದರಿಂದ ರಾಜ್ಯಪಾಲನಿಗೂ ನ್ಯಾಯಾಧೀಶರಿಗೂ ಸಂಬಳ ಕೊಟ್ಟರೆ, ಸಭೆಗೆ ಏನು ಬೆಲೆ? 1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಟೌನ್‌ಶೆಂಡ್ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಸುಂಕ ಹಾಕಿದಾಗ ಉದ್ದೇಶ ಅಂತ ಬರೆದುಕೊಂಡದ್ದೇ ಅದನ್ನು.

ಮತ್ತೊಂದು. ಸ್ಟಾಂಪ್ ಕಾಯ್ದೆ ರದ್ದು ಮಾಡಿದ ದಿನವೇ ಇನ್ನೊಂದು ಕಾಯ್ದೆ ಬಂತು. ಎಲ್ಲಾ ವಿಷಯಗಳಲ್ಲೂ ವಸಾಹತುಗಳನ್ನು ಕಟ್ಟಿಹಾಕುವ ಕಾನೂನು ಮಾಡುವ ಹಕ್ಕು ಪಾರ್ಲಿಮೆಂಟಿಗೆ ಇದೆ ಅಂತ. ಬೀದಿಯಲ್ಲಿ ಜನ ಗಂಟೆ ಬಾರಿಸಿ ಹಬ್ಬ ಮಾಡುತ್ತಿದ್ದರು, ಆ ಸಾಲು ಮಾತ್ರ ಹಾಗೇ ಕೂತಿತ್ತು. ನನ್ನ ಪ್ರಕಾರ ಜಗಳದ ಬೇರು ಅಲ್ಲಿದೆ.

ಬಾಸ್ಟನ್ ಕನ್ನಡತಿ:
ತಡವಾಗಿ ಬಂದೆ. ನಾನು ಹನ್ನೊಂದು ವರ್ಷದಿಂದ ಬಾಸ್ಟನ್ ಹತ್ತಿರ ಇದ್ದೇನೆ. ಕಾಯ್ದೆಗಳ ಬಗ್ಗೆ ಅಣ್ಣ ಚೆನ್ನಾಗಿ ಬರೆದಿದ್ದಾರೆ. ನಾನು ಬೀದಿಯ ಕಥೆ ಹೇಳುತ್ತೇನೆ.

ಇಲ್ಲಿ ಹಳೇ ಸ್ಟೇಟ್ ಹೌಸ್ ಅಂತ ಒಂದು ಇಟ್ಟಿಗೆ ಕಟ್ಟಡ ಇದೆ. ಸುತ್ತ ಗಾಜಿನ ಗೋಪುರಗಳು, ಅಡಿಯಲ್ಲೇ ಮೆಟ್ರೊ ಸ್ಟೇಷನ್. ಬಾಲ್ಕನಿಯ ಮುಂದೆ ನೆಲದಲ್ಲಿ ಕಲ್ಲು ಜೋಡಿಸಿದ ಒಂದು ವೃತ್ತ. ಜನ ಅದರ ಮೇಲೇ ನಡೆದು ಹೋಗುತ್ತಾರೆ. 1770ರ ಮಾರ್ಚ್ 5ರ ರಾತ್ರಿ ಐದು ಜನರ ಸಾವಿಗೆ ಕಾರಣವಾದ ಗುಂಡಿನ ದಾಳಿಯ ನೆನಪಿಗೆ ಮಾಡಿದ ಗುರುತು ಅದು.

1768ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸೈನ್ಯ ಬಂದಿಳಿಯಿತು. ಸುಮಾರು 16,000 ಜನರ ಊರು, ಸಾವಿರಾರು ಸೈನಿಕರು. ಊರಿನವರು ದಿನಾ ಓಡಾಡುವ ದಾರಿಯಲ್ಲಿ ಪಹರೆಯವನು ತಡೆದು "ಯಾರಲ್ಲಿ?" ಅಂತ ಕೇಳುತ್ತಿದ್ದ. ಸೈನಿಕರ ಸಂಬಳ ಹೊಟ್ಟೆಗೂ ಸಾಲದು. ಬಿಡುವಿನಲ್ಲಿ ಕೂಲಿ ಹುಡುಕುತ್ತಿದ್ದರು, ಕಮ್ಮಿ ದುಡ್ಡಿಗೆ ಒಪ್ಪುತ್ತಿದ್ದರು. ಊರಿನ ಕೂಲಿಗಾರನ ಅನ್ನಕ್ಕೆ ಕುತ್ತು. ಆ ಸೈನಿಕರೂ ಬಡವರ ಮಕ್ಕಳೇ. ನನಗೆ ಇಬ್ಬರ ಮೇಲೂ ಕನಿಕರ ಬರುತ್ತದೆ.

1770ರ ಫೆಬ್ರವರಿ 22. ಬ್ರಿಟಿಷ್ ಸಾಮಾನು ಮಾರುತ್ತಿದ್ದ ಅಂಗಡಿಯ ಮುಂದೆ ಹುಡುಗರ ಗಲಾಟೆ. ಸುಂಕದವರ ಕಡೆಯ ರಿಚರ್ಡ್‌ಸನ್ ಅನ್ನುವವನು ಬಿಡಿಸಲು ಬಂದ. ಹುಡುಗರು ಅವನ ಮನೆಯವರೆಗೂ ಅಟ್ಟಿಸಿಕೊಂಡು ಹೋಗಿ ಕಲ್ಲು ಹೊಡೆದರು. ಅವನು ಕಿಟಕಿಯಿಂದ ಗುಂಡು ಹಾರಿಸಿದ. ಕ್ರಿಸ್ಟಫರ್ ಸೈಡರ್ ಸತ್ತ. ಸುಮಾರು ಹನ್ನೊಂದು ವರ್ಷದ ಮಗು. ಸಾವಿರಾರು ಜನ ಹಿಮದಲ್ಲಿ ಶವದ ಹಿಂದೆ ನಡೆದರು.

ಮಾರ್ಚ್ 2. ಹಗ್ಗ ಹೊಸೆಯುವ ಕಾರ್ಖಾನೆಗೆ ಒಬ್ಬ ಸೈನಿಕ ಕೆಲಸ ಕೇಳಿ ಹೋದ. "ಕೆಲಸ ಬೇಕಾ? ಹೋಗಿ ನನ್ನ ಕಕ್ಕಸು ತೊಳಿ" ಅಂದ ಒಬ್ಬ ಹಗ್ಗದವನು. ಹೊಡೆದಾಟ ಆಯಿತು. ಅಲ್ಲಿದ್ದ ಕಾರ್ಮಿಕ ಸ್ಯಾಮ್ಯುಯೆಲ್ ಗ್ರೇ ಮೂರು ದಿನದ ನಂತರ ಸತ್ತವರಲ್ಲಿ ಒಬ್ಬ. ಅಲ್ಲಿದ್ದ ಸೈನಿಕ ಕಿಲ್‌ರಾಯ್ ಆ ರಾತ್ರಿ ಗುಂಡು ಹಾರಿಸಿದವರಲ್ಲಿ ಒಬ್ಬ.

ಮಾರ್ಚ್ 5ರಂದು ಶುರುವಾದದ್ದು ಒಬ್ಬ ಹುಡುಗನ ಮಾತಿನಿಂದ. ವಿಗ್ ಮಾಡುವವನ ಹತ್ತಿರ ಕೆಲಸ ಕಲಿಯುತ್ತಿದ್ದವನು, ಒಬ್ಬ ಅಧಿಕಾರಿ ತನ್ನ ಯಜಮಾನನಿಗೆ ದುಡ್ಡು ಕೊಟ್ಟಿಲ್ಲ ಅಂತ ಕೂಗಿದ. ಪಹರೆಯವನು ಬಂದೂಕಿನಿಂದ ಬಡಿದ. ಜನ ಸೇರಿದರು. ಗಂಟೆ ಬಾರಿಸಿತು, ಬೆಂಕಿ ಬಿದ್ದಿದೆ ಅಂತ ಇನ್ನಷ್ಟು ಜನ ಓಡಿ ಬಂದರು. ಹಿಮದುಂಡೆ, ಮಂಜುಗಡ್ಡೆ, ದೊಣ್ಣೆ ಬೀಸಿದರು. ಒಬ್ಬ ಸೈನಿಕ ಪೆಟ್ಟು ತಿಂದು ಬಿದ್ದ, ಎದ್ದ, ಹಾರಿಸಿದ. ಉಳಿದವರೂ ಹಾರಿಸಿದರು. ಆಫ್ರಿಕನ್ ಮತ್ತು ಮೂಲನಿವಾಸಿ ಬೇರಿನ ನಾವಿಕ ಕ್ರಿಸ್ಪಸ್ ಅಟಕ್ಸ್, ಗ್ರೇ, ಕಾಲ್ಡ್‌ವೆಲ್ ಅಲ್ಲೇ ಸತ್ತರು. ಹದಿನೇಳರ ಹುಡುಗ ಮ್ಯಾವರಿಕ್ ಮರುದಿನ ಬೆಳಿಗ್ಗೆ. ಪ್ಯಾಟ್ರಿಕ್ ಕಾರ್ ಒಂಬತ್ತು ದಿನ ನರಳಿ ಹೋದ.

ನನ್ನ ಮನಸ್ಸಿನಿಂದ ಹೋಗದ ವಿಷಯ ಒಂದಿದೆ. ಅದೇ ಮಾರ್ಚ್ 5ರಂದು ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಚಹಾ ಒಂದು ಬಿಟ್ಟು ಉಳಿದ ಸುಂಕಗಳನ್ನು ತೆಗೆಯುವ ಪ್ರಸ್ತಾಪ ಇಟ್ಟರು. ಸಮುದ್ರ ದಾಟಿ ಸುದ್ದಿ ಬರಲು ವಾರಗಟ್ಟಲೆ ಬೇಕಿತ್ತು.

ವಕೀಲ ಮಿತ್ರ:
ಮೇಡಂ, ಓದಿ ಸುಮ್ಮನೆ ಕೂತುಬಿಟ್ಟೆ. ಇದರ ಮುಂದಿನ ಭಾಗ ನಾನು ಸೇರಿಸುತ್ತೇನೆ. ಸೈನಿಕರ ಪರ ವಾದಿಸಿದವರು ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷರು. ಊರೆಲ್ಲ ಕುದಿಯುತ್ತಿತ್ತು. ವಿಚಾರಣೆಯನ್ನು ಅಕ್ಟೋಬರ್ ಕೊನೆಯವರೆಗೆ ತಳ್ಳಿದರು. ಆ ಸೈನಿಕರ ಕ್ಯಾಪ್ಟನ್ ಪ್ರೆಸ್ಟನ್ ಖುಲಾಸೆ, ಎಂಟು ಸೈನಿಕರಲ್ಲಿ ಆರು ಜನ ಖುಲಾಸೆ. ಇಬ್ಬರಿಗೆ ಕೊಲೆಯಲ್ಲದ ನರಹತ್ಯೆಯ ತೀರ್ಪು, ಹೆಬ್ಬೆರಳಿಗೆ ಬರೆ. ವಸಾಹತಿನವರೇ ಜ್ಯೂರಿಯಾಗಿ ಕೂತು ಕೊಟ್ಟ ತೀರ್ಪು ಅದು. ಇನ್ನೊಂದು ಕಡೆ ಬಾಸ್ಟನ್ನಿನ ಅಕ್ಕಸಾಲಿಗ ಪಾಲ್ ರಿವಿಯರ್ ಅಚ್ಚು ಹಾಕಿಸಿದ ಚಿತ್ರ ಊರೂರಿಗೆ ಹೋಯಿತು. ಅದರಲ್ಲಿ ಸೈನಿಕರು ಸಾಲಾಗಿ ನಿಂತು, ಕ್ಯಾಪ್ಟನ್ ಕೈಯೆತ್ತಿ ಆಜ್ಞೆ ಕೊಡುತ್ತಾನೆ. ಜನ ನೆನಪಿಟ್ಟದ್ದು ಚಿತ್ರವನ್ನು, ತೀರ್ಪನ್ನಲ್ಲ.

ಹಾರಂಗಿ ದಂಡೆ:
ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತಿದ್ದೇನೆ. ಇನ್ನು ಚಹಾಕ್ಕೆ ಬರೋಣವಾ?

ಲೆಕ್ಕದ ಪುಸ್ತಕ:
ಬಂದೆ ಸರ್. ಇಲ್ಲಿ ನಮ್ಮ ನೆಲವೂ ಸೇರುತ್ತದೆ.

ಚಹಾ ಚೀನಾದ್ದು, ಮಾರುವ ಹಕ್ಕು ಈಸ್ಟ್ ಇಂಡಿಯಾ ಕಂಪನಿಯದ್ದು. ಕಂಪನಿ ಆಗ ಮುಳುಗುತ್ತಿತ್ತು. 1770ರ ಬಂಗಾಳದ ಬರದಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತಿದ್ದರು. ಆದರೂ ಕಂಪನಿ ಕಂದಾಯ ಬಿಟ್ಟಿರಲಿಲ್ಲ. ಯುದ್ಧದ ಖರ್ಚು, ಷೇರುದಾರರಿಗೆ ಹಂಚಿದ ಲಾಭಾಂಶ, ಅಧಿಕಾರಿಗಳ ಲೂಟಿ ಎಲ್ಲ ಸೇರಿ 1772ಕ್ಕೆ ಸರ್ಕಾರದ ಮುಂದೆ ಕೈಯೊಡ್ಡಿತು. 14 ಲಕ್ಷ ಪೌಂಡ್ ಸಾಲ ಸಿಕ್ಕಿತು. ಗೋದಾಮಿನಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡ್ ತೂಕದ ಚಹಾ ಕೊಳೆಯುತ್ತಿತ್ತು.

ಅದನ್ನು ಅಮೆರಿಕಕ್ಕೆ ದಾಟಿಸಲು ಮಾಡಿದ್ದೇ 1773ರ ಕಾಯ್ದೆ. ಲಂಡನ್ನಿನಲ್ಲಿ ಕಟ್ಟಿದ ಸುಂಕ ವಾಪಸ್. ಹರಾಜು ಬೇಡ, ಮಧ್ಯವರ್ತಿ ಬೇಡ, ಕಂಪನಿಯೇ ಆರಿಸಿದ ಏಜೆಂಟರಿಗೆ ನೇರವಾಗಿ ಕಳಿಸಬಹುದು. ಅದಕ್ಕೇ ಬೆಲೆ ಇಳಿಯಿತು. ಅಮೆರಿಕದಲ್ಲಿ ಕಟ್ಟಬೇಕಾದ, ಒಂದು ಪೌಂಡ್ ತೂಕಕ್ಕೆ 3 ಪೆನ್ಸ್ ಸುಂಕ ಮಾತ್ರ ಹಾಗೇ ಉಳಿಯಿತು. ಅದನ್ನೂ ತೆಗೆಯಿರಿ ಅಂತ ಪಾರ್ಲಿಮೆಂಟಿನಲ್ಲೇ ಹೇಳಿದವರಿದ್ದರು. ನಾರ್ತ್ ಒಪ್ಪಲಿಲ್ಲ. ಹಕ್ಕು ಬಿಟ್ಟಂತಾಗುತ್ತದಲ್ಲ!

ಈಗ ಬಾಸ್ಟನ್ನಿನವನ ಕಣ್ಣಿನಿಂದ ನೋಡಿ. ಏಜೆಂಟರು ಯಾರು? ಅವರಲ್ಲಿ ಇಬ್ಬರು ಹಚಿನ್ಸನ್ನನ ಮಕ್ಕಳು. ಅಷ್ಟು ಹೊತ್ತಿಗೆ ಅವನೇ ರಾಜ್ಯಪಾಲ. ಅಗ್ಗ ಅಂತ ಜನ ಆ ಚಹಾ ಕೊಂಡರೆ ಪ್ರತಿ ಕಪ್ಪಿನಲ್ಲೂ ಪಾರ್ಲಿಮೆಂಟಿನ ಹಕ್ಕನ್ನು ಒಪ್ಪಿಕೊಂಡಂತೆ. ಬಲವಂತದಿಂದ ಆಗದ್ದನ್ನು ಅಗ್ಗದ ಬೆಲೆ ಮಾಡಿಬಿಡುತ್ತದೆ ಅನ್ನುವ ಭಯ ಅದು. ಇವತ್ತು ಚಹಾ, ನಾಳೆ ಕಂಪನಿ ಬೇರೆ ಸಾಮಾನಿಗೂ ಬಂದರೆ? ಫಿಲಡೆಲ್ಫಿಯಾದ ಜಾನ್ ಡಿಕಿನ್ಸನ್ ಆ ವರ್ಷವೇ ಬರೆದರು, ಏಷ್ಯಾದಲ್ಲಿ ಈ ಕಂಪನಿ ಮಾಡಿದ್ದನ್ನು ನೋಡಿ, ಈಗ ಅವರ ಕಣ್ಣು ನಮ್ಮ ಮೇಲೆ ಬಿದ್ದಿದೆ ಅಂತ. ಬಂಗಾಳದ ಹಸಿವಿನ ಸುದ್ದಿ ಅಲ್ಲಿಯವರೆಗೂ ಹೋಗಿತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಬಾಸ್ಟನ್ ಕನ್ನಡತಿ:
ಆ ರಾತ್ರಿಯ ಕಥೆ ನಾನು ಮುಗಿಸುತ್ತೇನೆ. ಡಾರ್ಟ್‌ಮತ್ ಹಡಗು ನವೆಂಬರ್ 28ಕ್ಕೆ ಬಂತು. 20 ದಿನದಲ್ಲಿ ಸುಂಕ ಕಟ್ಟದಿದ್ದರೆ ಸರಕು ಜಪ್ತಿ. ಹಡಗು ವಾಪಸ್ ಹೋಗಲಿ ಅಂತ ಜನ, ಸುಂಕ ಕಟ್ಟದೆ ಬಿಡುವುದಿಲ್ಲ ಅಂತ ಹಚಿನ್ಸನ್. ಡಿಸೆಂಬರ್ 16ರಂದು ಹಳೇ ಸೌತ್ ಸಭಾಮಂದಿರದಲ್ಲಿ ಸುಮಾರು 5,000 ಜನ. ಹಡಗಿನ ಮಾಲೀಕರ ಕಡೆಯ ಫ್ರಾನ್ಸಿಸ್ ರಾಚ್‌ನನ್ನು ಕೊನೆಯ ಸಲ ಕೇಳಿಬರಲು ಕಳಿಸಿದರು. ಕತ್ತಲಾದ ಮೇಲೆ ಇಲ್ಲ ಅನ್ನುವ ಉತ್ತರ ತಂದ. ಆಮೇಲೆ ಮೂರು ಗಂಟೆಯ ಕೆಲಸ. ಮೂರು ಹಡಗು, 340ಕ್ಕೂ ಹೆಚ್ಚು ಪೆಟ್ಟಿಗೆ, 92,000 ಪೌಂಡಿಗೂ ಮೀರಿದ ತೂಕ. ಕೊಡಲಿಯಿಂದ ಪೆಟ್ಟಿಗೆ ಒಡೆದು ಸುರಿದರು. ನೀರು ಇಳಿದಿದ್ದ ಹೊತ್ತು, ಚಹಾ ಹುಲ್ಲಿನ ಮೆದೆಯಂತೆ ರಾಶಿ ಬಿತ್ತು. ಬೇರೆ ಸಾಮಾನು ಮುಟ್ಟಲಿಲ್ಲ. ಒಂದು ಬೀಗ ಒಡೆಯಿತು, ಹೊಸದು ತಂದುಕೊಟ್ಟರು.

ಮರುದಿನ ಡಾರ್ಚೆಸ್ಟರ್ ದಡಕ್ಕೆ ತೇಲಿಬಂದ ಎಲೆಗಳನ್ನು ಯಾರೋ ಎತ್ತಿಟ್ಟರು. ಗಾಜಿನ ಸಣ್ಣ ಸೀಸೆಯಲ್ಲಿ ಇಲ್ಲಿನ ಐತಿಹಾಸಿಕ ಸೊಸೈಟಿಯವರು ಇವತ್ತಿಗೂ ಕಾಪಾಡಿದ್ದಾರೆ.

ತುಂಗಾತೀರ:
ಎಲ್ಲರೂ ಚಹಾ ಮುಗಿಯುತ್ತಲೇ ಯುದ್ಧ ಶುರುಮಾಡಿದ 1775ರ ಲೆಕ್ಸಿಂಗ್ಟನ್ ಗುಂಡಿಗೆ ಹಾರುತ್ತಾರೆ. ನನಗೆ ಮುಖ್ಯ ಅನ್ನಿಸುವುದು ನಡುವಿನ ಬೇಸಿಗೆ.

ಸಿಟ್ಟಾದ ಪಾರ್ಲಿಮೆಂಟು 1774ರಲ್ಲಿ ಬಾಸ್ಟನ್ ಬಂದರನ್ನೇ ಮುಚ್ಚಿತು. ತಪ್ಪು ಮಾಡಿದವರು ಕೆಲವರು, ಉಪವಾಸ ಇಡೀ ಊರಿಗೆ. ದೂರದ ದಕ್ಷಿಣ ಕ್ಯಾರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿ ಹೊಡೆದುಕೊಂಡು ಬಂದರು. ಆದರೆ ಹಳ್ಳಿಗಳನ್ನು ಎಬ್ಬಿಸಿದ್ದು ಬಂದರಲ್ಲ, ಇನ್ನೊಂದು ಕಾಯ್ದೆ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯಪಾಲನ ಅಪ್ಪಣೆ ಇಲ್ಲದೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಊರ ಸಭೆ ಸೇರುವಂತಿಲ್ಲ. ನ್ಯಾಯಾಧೀಶರನ್ನು ನೇಮಿಸುವವನೂ ತೆಗೆಯುವವನೂ ಅವನೇ. ಸಾಲಕ್ಕೆ ಹೊಲ ಹೋಗುವುದು ಕೋರ್ಟಿನಲ್ಲಿ ಅಲ್ವಾ? ರೈತನಿಗೆ ಚಹಾಕ್ಕಿಂತ ಅದು ಹತ್ತಿರದ ವಿಷಯ.

1774ರ ಸೆಪ್ಟೆಂಬರ್ 6. ವುಸ್ಟರ್ ಊರಿನ ಕೋರ್ಟು ತೆರೆಯಬೇಕಾದ ದಿನ. 37 ಊರುಗಳಿಂದ 4,622 ಜನ ಬಂದು ರಸ್ತೆಯ ಎರಡೂ ಬದಿ ನಿಂತರು. ಈ ಲೆಕ್ಕ ಅವತ್ತೇ ಎಣಿಸಿ ಬರೆದಿಟ್ಟದ್ದು. ನ್ಯಾಯಾಧೀಶರು, ಅಧಿಕಾರಿಗಳು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಡುವೆ ನಡೆಯಬೇಕು. ಹೊಸ ಕಾಯ್ದೆಯ ಕೆಳಗೆ ಕೆಲಸ ಮಾಡುವುದಿಲ್ಲ ಅಂತ ಓದಬೇಕು. ಹಿಂದೆ ನಿಂತವರಿಗೆ ಕೇಳಿಸಲಿಲ್ಲ ಅಂತ ಮತ್ತೆ ಓದಬೇಕು. ಹಾಗೆ ಮೂವತ್ತಕ್ಕೂ ಹೆಚ್ಚು ಸಲ! ಒಂದು ಗುಂಡು ಹಾರಲಿಲ್ಲ, ಒಬ್ಬರೂ ಸಾಯಲಿಲ್ಲ. ಬಾಸ್ಟನ್ ಬಿಟ್ಟರೆ ಆ ಪ್ರಾಂತ್ಯದಲ್ಲಿ ಎಲ್ಲೂ ರಾಜನ ಆಡಳಿತ ನಡೆಯದಂತಾಯಿತು. ಲೆಕ್ಸಿಂಗ್ಟನ್ನಿಗೆ ಇನ್ನೂ ಏಳು ತಿಂಗಳಿತ್ತು.

ನೇರನುಡಿ:
ಒಪ್ಪುತ್ತೇನೆ, ಇದು ಗೊತ್ತಿರಲಿಲ್ಲ. ಆದರೆ ಇನ್ನೊಂದು ಮುಖವನ್ನೂ ಮಗುವಿಗೆ ಹೇಳಿ ಸರ್. 1774ರ ಜನವರಿಯಲ್ಲಿ ಸುಂಕದ ನೌಕರ ಜಾನ್ ಮಾಲ್ಕಮ್‌ನ ಬಟ್ಟೆ ಬಿಚ್ಚಿ ಬಿಸಿ ಟಾರು ಬಳಿದು, ಗರಿ ಅಂಟಿಸಿ, ಕೊರೆಯುವ ಚಳಿಯಲ್ಲಿ ಗಾಡಿಯಲ್ಲಿ ಮೆರವಣಿಗೆ ಮಾಡಿದರು. ಮೂಲನಿವಾಸಿಗಳ ನೆಲಕ್ಕೆ ನುಗ್ಗಬೇಡಿ ಅಂತ ರಾಜ 1763ರಲ್ಲಿ ಗೆರೆ ಎಳೆದದ್ದೂ ಇವರ ಸಿಟ್ಟಿಗೆ ಒಂದು ಕಾರಣ. ತಾವು ಗುಲಾಮರಾಗುತ್ತಿದ್ದೇವೆ ಅಂತ ಬರೆಯುತ್ತಿದ್ದವರ ಮನೆಯಲ್ಲೇ ಗುಲಾಮರಿದ್ದರು.

ವಕೀಲ ಮಿತ್ರ:
ಹೇಳಲೇಬೇಕಾದ ಮಾತು. ಅದನ್ನು ಅವತ್ತೇ ಎತ್ತಿ ತೋರಿಸಿದವರು ಆ ಗುಲಾಮರೇ. 1773ರ ಜನವರಿ 6ರಂದು, ಚಹಾಕ್ಕೆ ಹನ್ನೊಂದು ತಿಂಗಳ ಮೊದಲು, ಬಾಸ್ಟನ್ನಿನ ಗುಲಾಮರ ಪರವಾಗಿ ರಾಜ್ಯಪಾಲನಿಗೂ ಶಾಸನಸಭೆಗೂ ಒಂದು ಅರ್ಜಿ ಹೋಯಿತು. ಕೆಳಗೆ ಫೀಲಿಕ್ಸ್ ಅಂತ ಒಂದೇ ಹೆಸರು. ನಮಗೆ ಆಸ್ತಿ ಇಲ್ಲ, ಹೆಂಡತಿ ಇಲ್ಲ, ಮಕ್ಕಳಿಲ್ಲ, ಊರಿಲ್ಲ, ದೇಶವಿಲ್ಲ ಅಂತ ಬರೆದಿದ್ದರು. ಏಪ್ರಿಲ್‌ನಲ್ಲಿ ಇನ್ನೊಂದು ಮನವಿ. ನಮ್ಮ ಬಿಡುಗಡೆಗೆ ದುಡಿದುಕೊಳ್ಳಲು ವಾರಕ್ಕೆ ಒಂದು ದಿನವಾದರೂ ಕೊಡಿ ಅಂತ. ಆ ರಾಜ್ಯದಲ್ಲಿ ಗುಲಾಮಗಿರಿ ಕಾನೂನುಬದ್ಧವಲ್ಲ ಅಂತ ಕೋರ್ಟು ಹೇಳಲು 1783 ಬರಬೇಕಾಯಿತು.

ಮಂಡ್ಯದ ಹುಡುಗ:
ನಮ್ಮ ಕಡೆಯ ಕೊಂಡಿ ಹೇಳದೆ ಹೋದರೆ ಮನಸ್ಸು ಕೇಳುವುದಿಲ್ಲ. ಈ ಜಗಳ ಯುದ್ಧವಾಗಿ, ಫ್ರಾನ್ಸ್ ಅಮೆರಿಕದ ಪರ ಸೇರಿದಾಗ ಬ್ರಿಟಿಷರು ಇಲ್ಲಿ ಮಲಬಾರ್ ತೀರದಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು 1779ರಲ್ಲಿ ಹಿಡಿದರು. ಹೈದರಾಲಿಗೆ ಫ್ರೆಂಚ್ ಮದ್ದುಗುಂಡು ಬರುತ್ತಿದ್ದದ್ದು ಆ ಬಂದರಿನಿಂದ. ಮುಂದಿನ ವರ್ಷ ಎರಡನೇ ಮೈಸೂರು ಯುದ್ಧ. 1782ರಲ್ಲಿ ಪೆನ್ಸಿಲ್ವೇನಿಯಾದವರು ಒಂದು ಹಡಗಿಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. ಅದು ಬ್ರಿಟಿಷರ ಜನರಲ್ ಮಾಂಕ್ ಹಡಗನ್ನು ಹಿಡಿಯಿತು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಐದು ವರ್ಷದ ನಂತರ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು ಅವನೇ.

ಹಾರಂಗಿ ದಂಡೆ:
ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ! ಮಗಳು ಪೂರ್ತಿ ಕೇಳಿಸಿಕೊಂಡಳು. ನೋಟ್ ಪುಸ್ತಕದಲ್ಲಿ ಚಹಾದ ಬೆಲೆ ಬರೆದು, ಪಕ್ಕದಲ್ಲಿ "3 ಪೆನ್ಸ್ ಯಾಕೆ ಬಿಡಲಿಲ್ಲ?" ಅಂತ ಬರೆದುಕೊಂಡಿದ್ದಾಳೆ. ನಾಳೆ ಟೀಚರ್ ಹತ್ತಿರ ಕೇಳುತ್ತಾಳಂತೆ. ಮಲಗುವ ಮೊದಲು ನನ್ನನ್ನು ಕೇಳಿದ್ದು ಮಾತ್ರ ಬೇರೆ. ಫೀಲಿಕ್ಸ್‌ಗೆ ಆ ವಾರದ ಒಂದು ದಿನ ಸಿಕ್ಕಿತಾ ಅಂತ.

ವಕೀಲ ಮಿತ್ರ:
ಸಿಗಲಿಲ್ಲ ಸರ್. ಶಾಸನಸಭೆ ಆ ಮನವಿಯನ್ನು ಮುಂದೂಡಿತು.